ಕಥೆಗೊಂದು ಹೂಂ

ಮಂಟಪದ ಕಂಬದ ಹಿಂದೆ ಬೆನ್ನು ತೋರಿಸಿಕೊಂಡು ಕುಕ್ಕರಗಾಲಲ್ಲಿ ಕುಳಿತವನನ್ನು ಅವಳು ಮೊದಲು ಕಳ್ಳನೆಂದೇ ತಿಳಿದಳು. ಬೆಳಬೆಳಗ್ಗೆ ದೇವಸ್ಥಾನಕ್ಕೆ ಬಂದವನು ದೇವಿಯ ಕಡೆ ಮುಖ ಮಾಡದೆ ಕಂಬಕ್ಕೆ ಏನನ್ನೋ ಅಂಟಿಸುತ್ತಿದ್ದರೆ ಇನ್ನೇನು ತಿಳಿಯಬೇಕು?

"ಏನ್ರೀ ಮಾಡ್ತಿದ್ದೀರ ಅಲ್ಲಿ?"

ಅವನು ತಿರುಗಿದ. ಕೊರಳಲ್ಲಿ ಹೆಡ್‌ಫೋನು, ಭುಜದ ಮೇಲೆ ವೈರಿನ ಸುರುಳಿ, ಹಲ್ಲಿನ ನಡುವೆ ಟೇಪಿನ ತುಂಡು. ಬಾಯಿ ತೆರೆಯಲಾಗದೆ ಒಂದು ನಿಮಿಷ ಎಂದು ಬೆರಳೆತ್ತಿದ.

"ಒಂದು ನಿಮಿಷ ಕೊಟ್ರೆ ಕಂಬಾನೇ ಹೊತ್ಕೊಂಡು ಹೋಗ್ತೀರ."

ಅವನು ಟೇಪನ್ನು ಬಾಯಿಂದ ತೆಗೆದು ಗಂಭೀರವಾಗಿ ಹೇಳಿದ. "ಕಂಬ ಬೇಡ ಮೇಡಂ. ನಿಮ್ಮ ಧ್ವನಿ ಸಿಕ್ಕಿದ್ರೆ ಸಾಕು."

ಹೇಳಿದ ಮೇಲೆ ಅದು ಹೇಗೆ ಕೇಳಿಸಿತೆಂಬುದು ಅವನಿಗೇ ತಿಳಿಯಿತು. ಕಿವಿಯ ತುದಿ ಕೆಂಪಾಯಿತು. "ಅಂದ್ರೆ, ರೆಕಾರ್ಡಿಂಗ್‌ಗೆ. ಕಮಿಟಿಯವರು ಕರೆಸಿದ್ದು."

ಅವನ ಕೆಂಪು ಕಿವಿಯನ್ನು ನೋಡಿ ಅವಳಿಗೆ ನಗು ಬರಬೇಕಿತ್ತು. ರೆಕಾರ್ಡಿಂಗ್ ಎಂಬ ಮಾತು ಕೇಳಿ ಮೈಯೆಲ್ಲ ಉರಿಯಿತು.

ಅವಳು ಅರ್ಚಕರ ಮಗಳು. ಬೀದಿಯ ಜನವೆಲ್ಲ, ಅವಳಿಗಿಂತ ದೊಡ್ಡವರೂ ಸೇರಿ, ಕಥೆಯಕ್ಕ ಎಂದು ಕರೆಯುತ್ತಾರೆ. ಆ ದೇವಸ್ಥಾನದಲ್ಲಿ ಪೂಜೆ ಗಂಡಸರದು, ಕಥೆ ಹೆಂಗಸರದು. ಬೆಳಗಿನ ಪೂಜೆ ಮುಗಿದ ಮೇಲೆ ಅರ್ಚಕರ ಮನೆಯ ಹೆಣ್ಣುಮಗಳು ಮಂಟಪದ ನಡುವಿನ ಕಲ್ಲಿನ ಮೇಲೆ ಕುಳಿತು ದೇವಿಯ ಕಥೆ ಹೇಳಬೇಕು. ಬಂದವರು ಹೂಂಗುಟ್ಟಬೇಕು. ಹೂಂ ಎನ್ನುವವರು ಇಲ್ಲದಿದ್ದರೆ ಕಥೆ ಅಲ್ಲಿಗೇ ನಿಲ್ಲಬೇಕು. ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ಕಟ್ಟಳೆ ಇದು, ಚೆಂದದ ಕಟ್ಟಳೆ.

ಅದರ ಬಾಲಕ್ಕೆ ಇನ್ನೊಂದು ಕಟ್ಟಳೆಯಿದೆ. ಹೇಳುವವಳಿಗೆ ಮದುವೆಯಾಗಿರಬಾರದು. ಕೊರಳಿಗೆ ತಾಳಿ ಬಿದ್ದರೆ ಬಾಯಿಂದ ಕಥೆ ಹೋಯಿತು. ಅವಳ ಸೋದರತ್ತೆ ಹಾಗೆ ಕಥೆ ಬಿಟ್ಟು ಹೋದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ದೇವಸ್ಥಾನದ ಹಿಂದಿನ ಅಡುಗೆಕೋಣೆ ಸೇರಿದ್ದಾಳೆ. ಪಾತ್ರೆಗಳೊಂದಿಗೆ ಜಗಳವಾಡುತ್ತಾಳೆ, ಬೆಕ್ಕಿಗೆ ಬುದ್ಧಿ ಹೇಳುತ್ತಾಳೆ, ಮಂಟಪದಲ್ಲಿ ಮಾತ್ರ ಒಂದು ಮಾತೂ ಆಡಿದವಳಲ್ಲ.

ಕಥೆಯಕ್ಕ ಬಂದ ಸಂಬಂಧಗಳನ್ನೆಲ್ಲ ಒಂದೊಂದು ನೆವ ಹೇಳಿ ಸಾಗಹಾಕಿದ್ದಳು. ಒಬ್ಬನ ಮೂಗು ಉದ್ದ, ಇನ್ನೊಬ್ಬನ ಮಾತು ಉದ್ದ. ಅವಳಿಗೆ ಮೂಗಿನ ಮೇಲೆ ಹಗೆಯೇನೂ ಇರಲಿಲ್ಲ. ಕಥೆ ಬಿಟ್ಟರೆ ತಾನು ಯಾರೆಂಬುದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಅವಳು ನೇರವಾಗಿ ಕಮಿಟಿಯ ಅಧ್ಯಕ್ಷರ ಮುಂದೆ ಹೋಗಿ ನಿಂತಳು. ಅಧ್ಯಕ್ಷರು ಕೆಟ್ಟವರಲ್ಲ, ಹುಟ್ಟಿದಾಗಿನಿಂದ ಆ ಮಂಟಪದಲ್ಲೇ ಕಥೆ ಕೇಳಿದವರು. ಕಟ್ಟಳೆ ಎಂದರೆ ಅವರಿಗೆ ಜೀವ.

"ನಿನ್ನ ಒಳ್ಳೇದಕ್ಕೇ ಮಾಡ್ತಿರೋದಮ್ಮ," ಎಂದರು. "ನಿನ್ನ ನಂತರ ನಿಮ್ಮ ಮನೇಲಿ ಹೆಣ್ಣುಮಗು ಇಲ್ಲ. ಕಥೆ ನಿಂತುಹೋಗುತ್ತೆ ಅಂತ ನೀನು ಹೀಗೇ ಕೂತಿದ್ದೀಯ, ಪಾಪ. ಒಂದು ಪೆಟ್ಟಿಗೇಲಿ ನಿನ್ನ ಧ್ವನಿ ಇಟ್ಟುಬಿಟ್ರೆ, ಗುಂಡಿ ಒತ್ತಿದ್ರೆ ಕಥೆ. ನೀನು ನಿಶ್ಚಿಂತೆಯಿಂದ ಮದುವೆ ಮಾಡ್ಕೋಬಹುದು."

"ಪೆಟ್ಟಿಗೆಗೆ ಹೂಂ ಅನ್ನೋರು ಯಾರು?"

"ಪೆಟ್ಟಿಗೆಗೆ ಹೂಂ ಯಾಕಮ್ಮ ಬೇಕು?"

ಅವಳು ಅಪ್ಪನತ್ತ ನೋಡಿದಳು. ಅಪ್ಪ ಹೂವಿನ ಬುಟ್ಟಿಯಿಂದ ತಲೆ ಎತ್ತಲಿಲ್ಲ. "ಎಲ್ಲಾ ಅಮ್ಮನೋರು ನೋಡ್ಕೋತಾರೆ," ಎಂದರು. ತೊಂದರೆ ಬಂದಾಗಲೆಲ್ಲ ಅಪ್ಪ ಆಡುವ ಮಾತು ಅದೊಂದೇ. ಅಮ್ಮನೋರಿಗೆ ಬೇರೆ ಕೆಲಸವೇ ಇಲ್ಲವೆಂಬಂತೆ.

ಸರಿ, ಮೈಕಿನವನಿಗೇ ಬುದ್ಧಿ ಕಲಿಸುತ್ತೇನೆ ಎಂದುಕೊಂಡು ಅವಳು ರೆಕಾರ್ಡಿಂಗಿಗೆ ಒಪ್ಪಿದಳು.

"ಹೂಂ ಇಲ್ದೆ ನಾನು ಹೇಳಲ್ಲ," ಎಂದಳು ಮೊದಲೇ.

"ಹೂಂ ಬಂದ್ರೆ ಸೌಂಡ್ ಹಾಳಾಗುತ್ತೆ," ಎಂದ ಅವನು.

"ಹಾಗಾದ್ರೆ ನಿಮ್ಮ ಕಂಬ, ನಿಮ್ಮ ಟೇಪು. ನಾನು ಬರ್ತೀನಿ."

ಅವನು ತಲೆ ಕೆರೆದುಕೊಂಡ. "ಒಂದು ಕೆಲ್ಸ ಮಾಡೋಣ. ನಾನು ಎದುರಿಗೆ ಕೂತು ತಲೆ ಆಡಿಸ್ತೀನಿ. ಅದೇ ಹೂಂ ಅಂತ ಇಟ್ಕೊಳ್ಳಿ."

ಜನರಿಲ್ಲದ ಮಧ್ಯಾಹ್ನ ಅವಳು ಕಲ್ಲಿನ ಮೇಲೆ ಕುಳಿತಳು. ಅವನು ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತು ಹೆಡ್‌ಫೋನು ಏರಿಸಿದ. ಅವಳು ಕಣ್ಣುಮುಚ್ಚಿ ಶುರುಮಾಡಿದಳು.

"ಈ ಮಂಟಪ ಇರೋ ಕಡೆ ಒಂದು ಕಾಲಕ್ಕೆ ಬಾವಿ ಇತ್ತು. ಕೊಡ ಹೊತ್ತು ನೀರಿಗೆ ಬರೋಳೊಬ್ಬಳು ಹಗ್ಗ ಎಳೀತಾ ಎಳೀತಾ ತನಗೆ ತಾನೇ ಕಥೆ ಹೇಳ್ಕೋತಿದ್ದಳು. ಆ ದಾರೀಲಿ ಅಮ್ಮನೋರು ಗಂಡನ ಜೊತೆ ಬೆಟ್ಟಕ್ಕೆ ಹೊರಟಿದ್ದರು. ಕಥೆ ಕಿವಿಗೆ ಬಿತ್ತು, ಕಾಲು ನಿಂತವು. ದೇವಿ ಹೂಂ ಅಂದಳು. ನೀರಿನವಳು ಹೆದರಿ ಬಾಯಿ ಮುಚ್ಚಿದಳು. ದೇವಿ ಕತ್ತು ತಿರುಗಿಸಿ, ಮುಂದೇನಾಯ್ತು ಅಂದಳು."

"ಹೂಂ," ಎಂದಿತು ಒಂದು ಧ್ವನಿ.

ಅವಳು ಕಣ್ಣು ತೆರೆದಳು. ಮೈಕಿನವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

"ಸಾರಿ ಮೇಡಂ. ಅದೇ ಬಂದುಬಿಡ್ತು."

ಎರಡನೆಯ ಸಲವೂ ಅದೇ ಜಾಗದಲ್ಲಿ ಬಂತು. ಮೂರನೆಯ ಸಲ ಅವನು ತುಟಿ ಕಚ್ಚಿಕೊಂಡು ಆ ಜಾಗ ದಾಟಿದ. ಗಂಡ ಕಾದು ಕಾದು ಬೆಟ್ಟಕ್ಕೆ ಒಬ್ಬನೇ ಹೋಗಿ ಇವತ್ತಿಗೂ ಅಲ್ಲಿ ಕಾಯುತ್ತಿರುವ ಭಾಗ ಬಂದಾಗ, "ಹೂಂ, ಪಾಪ," ಎಂದುಬಿಟ್ಟ.

ಇದು ಬೇಕೆಂದೇ ಮಾಡುವ ನಾಟಕವೆಂದು ಅವಳಿಗೆ ಅನುಮಾನ. ಆದರೆ ಹಾಳಾಗುತ್ತಿರುವುದು ಅವನದೇ ಕೆಲಸ. ವೈರು ಸುತ್ತಿ, ಹಣೆ ಚಚ್ಚಿಕೊಂಡು, ಮತ್ತೆ ಮರುದಿನ ಬರುತ್ತಿದ್ದ. ಗಾಜಿನ ಅಂಗಡಿಯಲ್ಲಿ ಸೀನು ಬಂದವನ ಮುಖ ಮಾಡಿಕೊಂಡು ಅವನು ಹೂಂ ತಡೆಯುವುದನ್ನು ನೋಡಲೆಂದೇ ಅವಳು ಕಣ್ಣು ಬಿಟ್ಟುಕೊಂಡು ಕಥೆ ಹೇಳುವುದನ್ನು ಕಲಿತಳು. ಮೊದಲ ದಿನದಿಂದ ಕಣ್ಣುಮುಚ್ಚಿ ಹೇಳಿದ್ದ ಕಥೆ. ಈಗ ಎದುರಿಗೆ ಎರಡು ಕಣ್ಣು ಅರಳುತ್ತಿದ್ದವು, ಒಂದು ಹುಬ್ಬು ಏರುತ್ತಿತ್ತು, ಗಂಟಲಲ್ಲಿ ಒಂದು ಉಗುಳು ಇಳಿಯುತ್ತಿತ್ತು. ಅವಳು ಬೇಕೆಂದೇ ಒಂದು ಮಾತಿನ ಮುಂದೆ ತಡೆದು ನಿಲ್ಲಿಸುವಳು. ಅವನ ಉಸಿರೂ ಅಲ್ಲೇ ನಿಲ್ಲುವುದು. ಆಮೇಲೆ ಇಬ್ಬರಿಗೂ ನಗು.

"ಇನ್ನೂ ಮುಗೀಲಿಲ್ವೇನಯ್ಯ?" ಎಂದು ಅಧ್ಯಕ್ಷರು ಕೇಳಿದರೆ, "ಟೆಕ್ನಿಕಲ್ ಪ್ರಾಬ್ಲಮ್ ಸಾರ್," ಎನ್ನುತ್ತಿದ್ದ. ಅಡುಗೆಕೋಣೆಯ ಕಿಟಕಿಯಿಂದ ಅತ್ತೆ ಆ ಟೆಕ್ನಿಕಲ್ ಪ್ರಾಬ್ಲಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋಗುತ್ತಿದ್ದಳು.

ಅವನ ಸ್ಟುಡಿಯೋ ಎಂದರೆ ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದ. ಕೆಳಗಿನ ಹೊಲಿಗೆ ಯಂತ್ರದ ಸದ್ದು ಆದರೂ ನುಸುಳುತ್ತಿತ್ತು. ಒಂದು ಸಂಜೆ ಅವನು ಅವಳನ್ನು ಕರೆಸಿ ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟ. ಇಡುವಾಗ ಅವಳ ಕೂದಲಿಗೆ ಬೆರಳು ತಾಗದಂತೆ ಅವನು ಪಟ್ಟ ಪಾಡು ನೋಡಬೇಕಿತ್ತು. ತಾಗಿದ್ದರೆ ಏನಾಗುತ್ತಿತ್ತು ಎಂದು ಅವಳು ಆಮೇಲೆ ಬಹಳ ಹೊತ್ತು ಯೋಚಿಸಿದಳು.

"ನಿಮ್ಮ ಧ್ವನಿ ಬಿಡಿ. ಹಿಂದೆ ಕೇಳಿ."

ಅವಳು ಕೇಳಿದಳು. ತನ್ನ ಮಾತಿನ ಹಿಂದೆ, ಪಾತ್ರೆಯ ಸದ್ದಿನ ಆಚೆ, ಒಂದು ಪಿಸುಮಾತು. ಅದೇ ಕಥೆ, ಅವಳಿಗಿಂತ ಅರ್ಧ ಮಾತು ಮುಂದೆ. ಅವಳು ಬಾವಿ ಎನ್ನುವ ಮೊದಲೇ ಅದು ಬಾವಿ ಎಂದಿತ್ತು.

"ಯಾರಿದು? ನಾನು ಯಾವ ದಿನದ್ದು ಹಾಕಿದ್ರೂ ಇದೆ."

ಅವಳು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಅಡುಗೆಕೋಣೆಯ ಕಿಟಕಿ ಮಂಟಪಕ್ಕೆ ತೆರೆದಿತ್ತು. ಒಲೆಯ ಮುಂದೆ ನಿಂತು ಅತ್ತೆ ದಿನವೂ ಕಥೆ ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಹೂಂ ಎನ್ನುವವರು ಯಾರೂ ಇರಲಿಲ್ಲ.

"ಅತ್ತೆ," ಎಂದಳು ಕೊನೆಗೆ. ಕಣ್ಣು ತುಂಬಿತ್ತು. "ನನಗಿಂತ ಚೆನ್ನಾಗಿ ಹೇಳ್ತಿದ್ದಳಂತೆ. ನಾನು ಕೇಳೇ ಇಲ್ಲ."

"ಈ ಪಿಸುಮಾತು ಅಳಿಸಬಹುದು. ಅಳಿಸ್ಲಾ?"

"ಅಳಿಸಿದ್ರೆ ನಿಮ್ಮ ಕೈ ಮುರೀತೀನಿ."

"ನಾನೂ ಅದೇ ಅನ್ಕೊಂಡಿದ್ದೆ," ಎಂದ ಅವನು. ಅವನ ಕಣ್ಣೂ ಒದ್ದೆಯಾಗಿತ್ತು. ಜಗತ್ತಿನಲ್ಲಿ ಮಾತಾಡುವ ಗಂಡಸರು ಬೇಕಾದಷ್ಟಿದ್ದಾರೆ. ಒಬ್ಬಳ ಮಾತಿನ ಹಿಂದಿರುವ ಇನ್ನೊಬ್ಬಳ ಉಸಿರನ್ನೂ ಕೇಳಿಸಿಕೊಳ್ಳುವವನನ್ನು ಅವಳು ಮೊದಲ ಬಾರಿಗೆ ಕಂಡಿದ್ದಳು. ಪ್ರೀತಿ ಎಂಬುದು ಅವಳಿಗೆ ಆ ಕಂಬಳಿಯ ಕೋಣೆಯಲ್ಲಿ, ಹೊಲಿಗೆ ಯಂತ್ರದ ಸದ್ದಿನ ಮೇಲೆ, ಸಂಜೆಯ ಹೊತ್ತು ಆಯಿತು. ಆದದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದೊಡನೆ ಹೆದರಿಕೆಯಾಯಿತು.

ಅವನಿಗೆ ಹೆದರಿಕೆ ಇರಲಿಲ್ಲ, ಏಕೆಂದರೆ ಎರಡನೆಯ ಕಟ್ಟಳೆಯನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಮಾರನೆಯ ದಿನ ದೇವಸ್ಥಾನದ ಮೆಟ್ಟಿಲ ಮೇಲೆ, ವೈರು ಸುತ್ತುತ್ತ, ಅವಳ ಮುಖ ನೋಡದೆ ಕೇಳಿಯೇ ಬಿಟ್ಟ.

"ನನ್ನನ್ನ ಮದುವೆ ಆಗ್ತೀರಾ?"

"ಅಂದ್ರೆ ನನ್ನ ಬಾಯಿ ಮುಚ್ಚಿಸ್ಬೇಕು ಅಂತಿದ್ದೀರ."

ಅವನು ಕಕ್ಕಾಬಿಕ್ಕಿಯಾದ. ಅವಳು ಸಿಟ್ಟಿನಲ್ಲೇ ಕಟ್ಟಳೆ ವಿವರಿಸಿದಳು. ಕೇಳುತ್ತ ಕೇಳುತ್ತ ಅವನು ಸುತ್ತಿದ್ದ ವೈರೆಲ್ಲ ಬಿಚ್ಚಿಹೋಯಿತು.

"ಹಾಗಾದ್ರೆ ಬೇಡ," ಎಂದ ಮೆಲ್ಲಗೆ. "ನಿಮ್ಮ ಕಥೆ ನಿಲ್ಲೋದಕ್ಕೆ ನಾನು ಕಾರಣ ಆಗಲ್ಲ. ಕೇಳಿದ್ದು ಮರೆತುಬಿಡಿ."

ಆಗ ಅವಳಿಗೆ ನಿಜವಾದ ಸಿಟ್ಟು ಬಂತು.

"ಇಷ್ಟೇನಾ? ಒಂದೇ ಮಾತಿಗೆ ಬೇಡವಾಗಿಹೋದೆನಾ?"

"ಅಯ್ಯೋ, ನಿಮಗೋಸ್ಕರ ತಾನೇ."

"ಅಧ್ಯಕ್ಷರೂ ನನಗೋಸ್ಕರ, ನೀವೂ ನನಗೋಸ್ಕರ. ನನಗೇನು ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ?"

ಅವನು ವೈರನ್ನು ಪಕ್ಕಕ್ಕಿಟ್ಟು ಅವಳೆದುರು ನೇರ ನಿಂತ. "ಏನು ಬೇಕು?"

"ಎರಡೂ," ಎಂದಳು ಅವಳು. ಹೇಳಿದ ಮೇಲೆ ಎದೆ ಹಗುರಾಯಿತು. ಇಷ್ಟು ವರ್ಷ ಅನ್ಯರ ಮೂಗಿನ ಉದ್ದ ಅಳೆಯುತ್ತ ಕಾಲ ಕಳೆದದ್ದು ಈ ಒಂದು ಮಾತು ಬಾಯಿಗೆ ಬಾರದೆ. "ನೀವೂ ಬೇಕು, ಕಥೇನೂ ಬೇಕು. ಗಂಡನ್ನ ದಾರೀಲಿ ನಿಲ್ಲಿಸಿ ಕಥೆ ಕೇಳಿದ ದೇವಿ ನಮ್ಮವಳು. ಕೇಳೋಳಿಗೆ ಮದುವೆ ಆಗಿರಬಹುದು, ಹೇಳೋಳಿಗೆ ಆಗಬಾರದು, ಯಾವ ಊರಿನ ನ್ಯಾಯ ಇದು?"

"ಬೆಟ್ಟದ ಮೇಲೆ ನನ್ನನ್ನ ಕಾಯಿಸ್ತೀರ ಅಂತ ಆಯ್ತು."

"ಕಾಯ್ತೀರಾ?"

"ಇಲ್ಲೇ ಪಕ್ಕದಲ್ಲಿ ಕೂತ್ಕೊಂಡು ಕಾಯ್ತೀನಿ. ಬೆಟ್ಟ ಹತ್ತೋಕೆ ನನ್ನ ಕೈಲಾಗಲ್ಲ." ಅವನ ಕಿವಿ ಮತ್ತೆ ಕೆಂಪಾಗಿತ್ತು. ಈ ಸಲ ಅವಳು ಅದನ್ನು ಮುಟ್ಟಿಯೇ ನೋಡಿದಳು. ಬಿಸಿಯಾಗಿತ್ತು.

ಅವನು ಅಂದೇ ಅಧ್ಯಕ್ಷರ ಮೇಜಿನ ಮೇಲೆ ಖಾಲಿ ಪೆಟ್ಟಿಗೆ ಇಟ್ಟು, "ಧ್ವನಿ ಅವರದು ಸಾರ್, ಅವರನ್ನೇ ಕೇಳಿ," ಎಂದು ಕೈಮುಗಿದು ಬಂದ. ಅವನ ತಾಯಿ ಮದುವೆಯ ಸುದ್ದಿ ಕೇಳಿ, "ಸದ್ಯ, ಮನೇಲಿ ಇಷ್ಟು ಮೈಕಿದೆ, ಮಾತಾಡೋರು ಒಬ್ಬರು ಬೇಕಿತ್ತು," ಎಂದರು. ಅವಳ ಅಪ್ಪ ಎಂದಿನಂತೆ ಅಮ್ಮನೋರ ಮೇಲೆ ಭಾರ ಹಾಕಿದರು. ಅತ್ತೆ ಮಾತ್ರ ಅವಳನ್ನು ಅಡುಗೆಕೋಣೆಗೆ ಎಳೆದು ಬಾಗಿಲು ಹಾಕಿಕೊಂಡಳು.

"ಕಥೆ ಬಿಡ್ತೀಯಾ?"

"ಇಲ್ಲ."

"ಬಿಡಿಸ್ತಾರೆ ಕಣೇ. ಹೊಡೆದು ಬಡಿದು ಅಲ್ಲ. ಯಾರೂ ಹೂಂ ಅನ್ನಲ್ಲ, ಅಷ್ಟೇ. ಮದುವೆಯಾದ ಮಾರನೇ ದಿನ ನಾನೂ ಹೋಗಿ ಕೂತಿದ್ದೆ. ಒಂದು ಮಾತು ಹೇಳಿದೆ. ಮಂಟಪದ ತುಂಬ ಜನ, ಒಬ್ಬರೂ ಉಸಿರು ಬಿಡಲಿಲ್ಲ. ಎದ್ದು ಬಂದೆ." ಅತ್ತೆ ಸೌಟನ್ನು ಒರೆಸಿದ್ದನ್ನೇ ಒರೆಸಿದಳು. "ಆ ಸುಮ್ಮನಿರೋದು ಇದೆಯಲ್ಲ, ಅದರ ಮುಂದೆ ಬೈಗುಳ ವಾಸಿ."

"ನಾನು ಏಳಲ್ಲ ಅತ್ತೆ. ಕೂತೇ ಇರ್ತೀನಿ."

ಅತ್ತೆ ಅವಳನ್ನು ನೋಡಿದಳು. ಬಯ್ಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ಸೌಟನ್ನು ಅವಳ ಕೈಗೆ ಕೊಟ್ಟು ಹೊರಗೆ ಹೋದಳು.

ಮದುವೆ ಅರ್ಚಕರ ಮನೆಯ ಹಜಾರದಲ್ಲಿ ಸರಳವಾಗಿ ನಡೆಯಿತು. ಮಾರನೆಯ ಬೆಳಗ್ಗೆ ಪೂಜೆ ಮುಗಿಯುತ್ತಲೇ ಅವಳು ಮಂಟಪಕ್ಕೆ ಬಂದಳು. ಕೊರಳಿನ ತಾಳಿಯನ್ನು ಸೆರಗಿನೊಳಗೆ ಮುಚ್ಚಿಡಲಿಲ್ಲ, ಎಲ್ಲರಿಗೂ ಕಾಣುವಂತೆ ಮೇಲೆಯೇ ಬಿಟ್ಟುಕೊಂಡಿದ್ದಳು. ಅಂದು ಜನ ಹೆಚ್ಚೇ ಸೇರಿದ್ದರು. ಕಥೆಗೆ ಬಾರದವರೂ ಜಗಳಕ್ಕೆ ಬರುತ್ತಾರೆ.

ಅಧ್ಯಕ್ಷರು ಕಲ್ಲಿನ ಹತ್ತಿರ ನಿಂತಿದ್ದರು. "ಬೇಡಮ್ಮ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ನಡೆದುಬಂದದ್ದು ಅಂತ ಒಂದಿದೆ."

"ನಡೆದುಬಂದದ್ದೇ ಹೇಳ್ತೀನಿ ದೊಡ್ಡವರೇ. ಒಂದು ಮಾತೂ ಬದಲಾಯಿಸಲ್ಲ."

"ಅರ್ಚಕರೇ, ನೀವಾದ್ರೂ ಹೇಳಿ."

ಅಪ್ಪ ಗರ್ಭಗುಡಿಯ ಬಾಗಿಲಲ್ಲಿ ನಿಂತು ಒಮ್ಮೆ ಮಗಳನ್ನು, ಒಮ್ಮೆ ಕಥೆಯಲ್ಲಿದ್ದಂತೆಯೇ ತಿರುಗಿದ ದೇವಿಯ ಮೂರ್ತಿಯ ಕತ್ತನ್ನು ನೋಡಿದರು. "ನಾನು ಮಂತ್ರ ಹೇಳೋನು. ಕಥೆ ವಿಷಯ ನಮ್ಮನೆ ಹೆಂಗಸರನ್ನ ಕೇಳಿ," ಎಂದರು. ಅವರ ಜನ್ಮದಲ್ಲೇ ಅದು ಅತ್ಯಂತ ಧೈರ್ಯದ ಮಾತು.

ಅಧ್ಯಕ್ಷರು ಜನರ ಕಡೆ ತಿರುಗಿದರು. "ಯಾರೂ ಹೂಂ ಅನ್ನಬೇಡಿ. ತಾನಾಗೇ ನಿಲ್ಲುತ್ತೆ."

ಅವಳು ಕಲ್ಲಿನ ಮೇಲೆ ಕುಳಿತಳು.

"ಈ ಮಂಟಪ ಇರೋ ಕಡೆ ಒಂದು ಕಾಲಕ್ಕೆ ಬಾವಿ ಇತ್ತು."

ಯಾರೂ ಹೂಂ ಎನ್ನಲಿಲ್ಲ. ಬಾಗಿಲ ಬಳಿ ಯಾರೋ ಕೆಮ್ಮಿ ಅದನ್ನೂ ನುಂಗಿಕೊಂಡರು. ಅತ್ತೆ ಹೇಳಿದ ಸುಮ್ಮನಿರುವಿಕೆ ಎಂದರೆ ಇದೇ. ಅದು ಎದೆಯ ಮೇಲೆ ಬಂದು ಕುಳಿತಿತು. ಎದುರಿನ ಕಂಬದ ಬಳಿ ಅವಳ ಗಂಡನ ಬಾಯಿ ತೆರೆಯಿತು. ಅವಳು ಕಣ್ಣಿನಲ್ಲೇ ಬೇಡವೆಂದಳು. ಗಂಡ ಹೂಂ ಎಂದರೆ ಅದು ಮನೆಯ ಮಾತಾಗುತ್ತದೆ, ಮಂಟಪದ್ದಾಗುವುದಿಲ್ಲ. ಕಥೆ ಕೇಳುತ್ತ ಒಮ್ಮೆಯೂ ಬಾಯಿ ತಡೆಯಲಾಗದವನು ಅಂದು ತುಟಿಗೆ ರಕ್ತ ಬರುವಂತೆ ಕಚ್ಚಿಕೊಂಡು ತಡೆದ. ಅದನ್ನು ನೋಡಿ ಅವಳಿಗೆ ಅವನ ಮೇಲೆ ಹಿಂದೆಂದೂ ಬಾರದಷ್ಟು ಪ್ರೀತಿ ಬಂತು.

ಅವಳು ಏಳಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕುಳಿತಳು. ಜನ ಕಾಲು ಬದಲಿಸಿದರು, ನೆಲ ನೋಡಿದರು. ಬಿಸಿಲು ಮಂಟಪದೊಳಕ್ಕೆ ಹರಿದು ಅವಳ ಕಾಲಿನ ತನಕ ಬಂತು.

"ಕೊಡ ಹೊತ್ತು ನೀರಿಗೆ ಬರೋಳೊಬ್ಬಳು," ಎಂದಿತು ಒಂದು ಧ್ವನಿ.

ಅಡುಗೆಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಮೊದಲ ಮಾತು ನಡುಗಿತು, ಎರಡನೆಯದು ನಡುಗಲಿಲ್ಲ. "ಹಗ್ಗ ಎಳೀತಾ ಎಳೀತಾ ತನಗೆ ತಾನೇ ಕಥೆ ಹೇಳ್ಕೋತಿದ್ದಳು."

"ಹೂಂ," ಎಂದಳು ಕಥೆಯಕ್ಕ.

ಅಷ್ಟು ವರ್ಷಗಳ ಮೇಲೆ ಅತ್ತೆಗೆ ಸಿಕ್ಕ ಮೊದಲ ಹೂಂ ಅದು. ಅತ್ತೆಯ ಮುಖ ಒಮ್ಮೆ ಕಲಕಿ ತಿಳಿಯಾಯಿತು. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮಂಟಪದ ನಡುವಿಗೆ ನಡೆದು ಬಂದಳು. ಕಥೆಯಕ್ಕ ಸರಿದು ಜಾಗ ಮಾಡಿಕೊಟ್ಟಳು. ಒಂದೇ ಕಲ್ಲಿನ ಮೇಲೆ ಇಬ್ಬರು. ಒಬ್ಬಳು ಹೇಳಿದರೆ ಇನ್ನೊಬ್ಬಳು ಹೂಂ, ಇವಳು ಹೇಳಿದರೆ ಅವಳು ಹೂಂ. ಇನ್ನು ಯಾರ ಹೂಂ ಕೂಡ ಅವರಿಗೆ ಬೇಕಾಗಿರಲಿಲ್ಲ, ಕಟ್ಟಳೆ ಅಲ್ಲೇ ಪೂರ್ತಿಯಾಗಿತ್ತು.

ದೇವಿ ಕತ್ತು ತಿರುಗಿಸುವ ಜಾಗಕ್ಕೆ ಬಂದಾಗ ಅತ್ತೆ ಮಾತು ತಡೆದಳು. ಅಧ್ಯಕ್ಷರ ಮುಖವನ್ನೇ ನೋಡುತ್ತ, ಯಾರೂ ಎಂದೂ ಹೇಳದ ಒಂದು ಮಾತನ್ನು ಸೇರಿಸಿದಳು.

"ಕೊಡ ಹೊತ್ತವಳು ಕನ್ಯೆಯೋ, ಗರತಿಯೋ, ಗಂಡ ಸತ್ತವಳೋ, ದೇವಿ ಕೇಳಲಿಲ್ಲ. ಮುಂದೇನಾಯ್ತು ಅಂತ ಮಾತ್ರ ಕೇಳಿದಳು."

ಆಗ ಅಧ್ಯಕ್ಷರ ಗಂಟಲಿನಿಂದ, ಅವರನ್ನೂ ಕೇಳದೆ, ಹುಟ್ಟಿದಾಗಿನಿಂದ ಆ ಜಾಗದಲ್ಲಿ ಹೊರಡುತ್ತಿದ್ದದ್ದೇ ಹೊರಟಿತು.

"ಹೂಂ."

ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆದರೆ ಬಾಯಿ ಬಿಟ್ಟ ಮಾತು ಹಿಂದಿರುಗುತ್ತದೆಯೇ? ಹೂವಿನಂಗಡಿಯವಳು ಹೂಂ ಎಂದಳು, ದರ್ಜಿ ಹೂಂ ಎಂದ, ಜಗಳ ನೋಡಲು ಬಂದವರೆಲ್ಲ ಹೂಂ ಎಂದರು. ಅಧ್ಯಕ್ಷರು ಸ್ವಲ್ಪ ಹೊತ್ತು ನಿಂತು, ನಿಂತಲ್ಲೇ ಕುಳಿತು, ಬಾಯಿಂದ ಕೈ ತೆಗೆದರು.

ಕಥೆ ಮುಗಿದು ಜನ ಕರಗಿದ ಮೇಲೆ ಅವಳು ಕಂಬದ ಬಳಿಗೆ ಬಂದಳು. ಗಂಡ ಅಲ್ಲೇ ಬರಿಗೈಯಲ್ಲಿ ಕುಳಿತಿದ್ದ. ವೈರಿಲ್ಲ, ಹೆಡ್‌ಫೋನಿಲ್ಲ.

"ರೆಕಾರ್ಡ್ ಮಾಡಿಲ್ವಾ?"

"ಮರೆತೇಹೋಯ್ತು. ಕೇಳ್ತಾ ಕೂತುಬಿಟ್ಟೆ."

"ನೀವೂ ಒಬ್ಬ ಮೈಕಿನವರು," ಎಂದು ಅವಳು ಸೆರಗಿನ ತುದಿಯಿಂದ ಅವನ ತುಟಿಯ ರಕ್ತ ಒರೆಸಿದಳು. "ಪರವಾಗಿಲ್ಲ. ನಾಳೇನೂ ಹೇಳ್ತೀವಿ. ಅತ್ತೆ ಆಗಲೇ ನಾಳೆ ಮೊದಲ ಸರದಿ ತನ್ನದು ಅಂತ ಜಗಳ ತೆಗೆದಿದ್ದಾಳೆ."

"ನಾಳೆಯಿಂದ ನಾನು ಹೂಂ ಅನ್ನಬಹುದಾ?"

"ಎಲ್ಲರಿಗಿಂತ ಜೋರಾಗಿ," ಎಂದು ಅವಳು ಅವನ ಪಕ್ಕದಲ್ಲಿ ಕುಳಿತಳು. ಕಿಟಕಿಯ ಆಚೆ ಅತ್ತೆ ಬೆಕ್ಕಿಗೆ ಕಥೆ ಹೇಳುತ್ತಿದ್ದಳು, ಈಗ ಪಿಸುಮಾತಿನಲ್ಲಲ್ಲ.